ಬರಿಗೋವಿಯ ಅಭ್ಯಾಸ

ಪ್ರತಿ ವರ್ಷ ಸೆಪ್ಟೆಂಬರ್ 3ರಂದು ಬರುವ ಕೈಲ್ ಮುಹೂರ್ತಕ್ಕೆ ರಜೆ ಪಡೆದು ಊರಿಗೆ ತೆರಳುವ ಕೊಡಗಿನ ಬಂಧುಗಳು ನಮ್ಮ ನಡುವೆ ಹಲವರುಂಟು. ಅಂದು ಕೋವಿಯನ್ನು ಒರೆಸಿ, ಹೂವಿರಿಸಿ ಪೂಜಿಸುತ್ತಾರೆ. ಬಳಿಕ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ವರ್ಷವೆಲ್ಲ ಲೆಕ್ಕದ ಪುಸ್ತಕವನ್ನೋ ಹೋಟೆಲಿನ ತಟ್ಟೆಯನ್ನೋ ಹಿಡಿದ ಕೈ ಆ ಒಂದು ದಿನ ನಡುಗಿದರೆ ಸೋಜಿಗವಿಲ್ಲ. ಈ ನಡುಕಕ್ಕೆ ಖರ್ಚಿಲ್ಲದ ಮದ್ದೊಂದುಂಟು. ತೋಟಾ ಇಲ್ಲದೆಯೇ ಗುರಿಯಿಟ್ಟು ಟ್ರಿಗರ್ ಎಳೆಯುವುದೇ ಅದು.

ಇದರ ಪ್ರಯೋಜನವೇನು? ಸದ್ದೂ ಹಿಮ್ಮೆಟ್ಟೂ ಇಲ್ಲದಿರುವುದರಿಂದ, ಬೆರಳು ಎಳೆಯುವ ಕ್ಷಣದಲ್ಲಿ ನಳಿಗೆಯ ತುದಿ ಎತ್ತ ಸರಿಯಿತೆಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಸದ್ದಿಗೆ ಮೊದಲೇ ಬೆದರಿ ಹೆಗಲನ್ನು ಕುಗ್ಗಿಸುವ ದುರಭ್ಯಾಸವೂ ಕ್ರಮೇಣ ಬಿಟ್ಟುಹೋಗುತ್ತದೆ. ಸ್ಪರ್ಧೆಯ ಗುರಿಕಾರರು ಇದನ್ನು ನಿತ್ಯದ ಸಾಧನೆಯನ್ನಾಗಿ ಮಾಡಿಕೊಂಡಿರುವುದು ಇದಕ್ಕಾಗಿಯೇ.

ಆದರೆ ಎಲ್ಲ ಕೋವಿಗಳೂ ಇದನ್ನು ಸಹಿಸಲಾರವು. ತೋಟಾದ ಹಿಂಬದಿಯ ನಡುವೆ ಪಿನ್ನು ಬಡಿಯುವಂತೆ ರಚಿತವಾದ ಇಂದಿನ ರೈಫಲುಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಕಾಲೇಜಿನ ಎನ್.ಸಿ.ಸಿ.ಯಲ್ಲಿ ನಮ್ಮ ಗುಮಾಸ್ತ ಮಿತ್ರರು ಹಿಡಿದಿರಬಹುದಾದ .22 ರೈಫಲಿನ ಮಾತು ಬೇರೆ. ಅದರ ಪಿನ್ನು ಬಡಿಯುವುದು ತೋಟಾದ ಅಂಚಿಗೆ. ತೋಟಾ ಇಲ್ಲದಾಗ ಅದು ನಳಿಗೆಯ ಬಾಯಂಚಿಗೇ ತಾಗಿ, ಪಿನ್ನೂ ಮೊಂಡಾಗಬಹುದು, ಅಂಚೂ ನಗ್ಗಬಹುದು. ಅಜ್ಜನ ಕಾಲದ ಜೋಡುನಳಿಗೆಯಲ್ಲಿ ಬರಿದೆ ಎಳೆದರೆ ಪಿನ್ನು ಮುರಿಯುವ ಭಯವುಂಟು. ಸ್ಪ್ರಿಂಗಿನ ಬಲದಿಂದ ಹಾರಿಸುವ ಗಾಳಿಕೋವಿಗೆ ಗುಂಡೇ ತಡೆ. ಅದಿಲ್ಲದಿದ್ದರೆ ಒಳಗಿನ ಪಿಸ್ಟನ್ನು ರಭಸದಿಂದ ಅಪ್ಪಳಿಸಿ ಕೆಡುತ್ತದೆ. ಬಾಣವಿಲ್ಲದೆ ಸೆಳೆದುಬಿಟ್ಟ ಬಿಲ್ಲು ಸೀಳುವಂತೆಯೇ ಇದು.

ಇದಕ್ಕೆ ಪರಿಹಾರವಾಗಿ ಮದ್ದಿಲ್ಲದ, ಪಿನ್ನಿನ ಪೆಟ್ಟನ್ನು ನುಂಗುವ ಹುಸಿತೋಟಾಗಳು ದೊರೆಯುತ್ತವೆ. ನಿಜವಾದ ತೋಟಾದೊಡನೆ ಎಂದಿಗೂ ಬೆರೆಯದಂತೆ, ನೋಡಿದೊಡನೆ ಗುರುತು ಸಿಗುವ ಬಣ್ಣದವನ್ನೇ ಆರಿಸತಕ್ಕದ್ದು. ಕೋವಿ ತಯಾರಿಸಿದವರ ಕೈಪಿಡಿ ಇದ್ದರೆ ಅದರ ಮಾತೇ ಅಂತಿಮ.

ಕೋವಿ ಕೆಟ್ಟರೆ ಕಮ್ಮಾರನುಂಟು. ಪ್ರಾಣ ಹೋದರೆ ಯಾರುಂಟು? ಆದುದರಿಂದ ಈ ಕ್ರಮವನ್ನು ತಪ್ಪದೆ ಪಾಲಿಸಬೇಕು. ಮೊದಲು ತೋಟಾಗಳನ್ನೆಲ್ಲ ಬೇರೊಂದು ಕೋಣೆಯಲ್ಲಿಟ್ಟು ಬೀಗ ಹಾಕಿರಿ. ರೈಫಲಿನಲ್ಲಿ ಮ್ಯಾಗಜಿನ್ ಇದ್ದರೆ ಅದನ್ನು ಕಳಚಿದ ಮೇಲೆಯೇ ಬೋಲ್ಟ್ ತೆರೆಯಿರಿ. ಈ ಕ್ರಮ ಹಿಂದುಮುಂದಾದರೆ, ಬೋಲ್ಟ್ ಮುಚ್ಚುವಾಗ ಮ್ಯಾಗಜಿನ್ನಿನ ಇನ್ನೊಂದು ತೋಟಾ ನಳಿಗೆಗೆ ಏರೀತು. ಬೆಳಕಿನಲ್ಲಿ ಕಣ್ಣಿಟ್ಟು ನೋಡಿರಿ. ಕಿರುಬೆರಳಿನಿಂದ ಮುಟ್ಟಿಯೂ ನೋಡಿರಿ. ಗುಂಡನ್ನು ತಡೆಯಬಲ್ಲ ದಪ್ಪ ಗೋಡೆಯ ಕಡೆಗೇ ಗುರಿ ಹಿಡಿಯಿರಿ. ನಗರದ ಚಾಳಿನ ಹಲಗೆಯ ತಡಿಕೆ ಗೋಡೆಯಲ್ಲ. ಅದರಾಚೆ ನೆರೆಮನೆಯ ಕೂಸು ಮಲಗಿರುತ್ತದೆ. ನಡುವೆ ಯಾರಾದರೂ ಕರೆದು ಎದ್ದುಹೋದಿರೋ, ಮರಳಿ ಬಂದಾಗ ಪರೀಕ್ಷೆಯನ್ನು ಮೊದಲಿನಿಂದ ಮಾಡಿರಿ.

ಎಲ್ಲಕ್ಕಿಂತ ಅಪಾಯದ ಗಳಿಗೆ ಅಭ್ಯಾಸ ಮುಗಿದ ಮೇಲಿನದು. ಕೋವಿಗೆ ಮತ್ತೆ ತೋಟಾ ತುಂಬಿಯಾಯಿತು. “ಇನ್ನೊಂದೇ ಸಲ” ಎಂದು ಮನಸ್ಸು ಎಳಸುತ್ತದೆ, ಬೆರಳು ಅಭ್ಯಾಸಬಲದಿಂದ ತಾನಾಗಿ ಎಳೆಯುತ್ತದೆ. ಮುಗಿದೊಡನೆ “ಮುಗಿಯಿತು” ಎಂದು ಗಟ್ಟಿಯಾಗಿ ಹೇಳಿ ಕೋವಿಯನ್ನು ಬೀಗದೊಳಗಿಡುವುದು ಮಕ್ಕಳಾಟದಂತೆ ಕಂಡರೂ, ಜೀವ ಉಳಿಸುವ ರೂಢಿ.

1959ರ ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಯಿಂದ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು. ಇಂತಹ ನಂಬಿಕೆಗೆ ಪಾತ್ರರಾದವರ ಹೊಣೆಯೂ ಅಷ್ಟೇ ದೊಡ್ಡದು. ಕೋವಿ ಬರಿದಾಗಿದೆಯೆಂದು ಇನ್ನೊಬ್ಬರು ಹೇಳಿದರೆ ನಂಬಬೇಡಿರಿ; ಕೊಟ್ಟವರು ಹಿರಿಯರೇ ಆದರೂ ಅವರೆದುರಿನಲ್ಲೇ ತೆರೆದು ನೋಡಿರಿ. ಅದರಿಂದ ಯಾರ ಮರ್ಯಾದೆಗೂ ಕುಂದಿಲ್ಲ.