ನೀರಿಗಿಳಿಯುವ ಮುನ್ನ ಮಾಸ್ಕ್ ಪರೀಕ್ಷಿಸಿ

ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಅಲ್ಲಿಗೆ ಸ್ಕೂಬಾ ಡೈವಿಂಗ್‌ಗೆಂದು ಹೋಗುವವರು ಬಹಳ. ಮೊದಲ ಸಲ ಸಲಕರಣೆಗಳನ್ನೆಲ್ಲ ಕಲಿಸುವವರೇ ಕೊಡುತ್ತಾರೆ. ಹವ್ಯಾಸ ಹಿಡಿಸಿ ಸ್ವಂತಕ್ಕೆ ಕೊಳ್ಳಹೊರಟಾಗಲೇ ಗೊಂದಲ. ಅಂಗಡಿಯವರು ಬಣ್ಣ ತೋರಿಸುತ್ತಾರೆ. ನೀವು ಯೋಚಿಸಬೇಕಾದುದು ನಿಮ್ಮ ಕಣ್ಣು, ಕಿವಿ, ಮೂಗಿನ ಬಗ್ಗೆ.

ಮೊದಲು ಕೊಳ್ಳಬೇಕಾದದ್ದು ಮಾಸ್ಕ್. ಈಜುಕೊಳದ ಕನ್ನಡಕ ಇಲ್ಲಿ ನಡೆಯದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ. ಗಾಜಿನ ಹಿಂದಿನ ಗಾಳಿ ಕುಗ್ಗಿ ಕಣ್ಣನ್ನು ಹೀರಿ ಹಿಡಿಯುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ರಕ್ತ ಕಟ್ಟಬಹುದು. ಮೂಗನ್ನೂ ಮುಚ್ಚುವ ಮಾಸ್ಕ್ ಆದರೆ ಮೂಗಿನಿಂದ ಸ್ವಲ್ಪ ಗಾಳಿ ಊದಿ ಒತ್ತಡ ಸರಿದೂಗಿಸಬಹುದು. ಮೂಗಿನ ಭಾಗ ಮೆತ್ತಗಿರಲಿ. ಕಿವಿ ಬಿಡಿಸಿಕೊಳ್ಳಲು ಅದನ್ನು ಹೊರಗಿನಿಂದಲೇ ಬೆರಳುಗಳಲ್ಲಿ ಹಿಡಿಯಬೇಕಾಗುತ್ತದೆ.

ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು, ಮೂಗಿನಿಂದ ಮೆಲ್ಲನೆ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಹೊಂದಿತೆಂದು ತಿಳಿಯಿರಿ. ಬಿದ್ದರೆ, ಎಷ್ಟೇ ಬೆಲೆಯದಾದರೂ ಬೇಡ. ಪಟ್ಟಿ ಬಿಗಿದರೆ ಸರಿಹೋಗುತ್ತದೆಂಬುದು ತಪ್ಪು. ದಟ್ಟ ಮೀಸೆಯವರಿಗೆ ನೀರು ಜಿನುಗುವುದುಂಟು. ಗಾಬರಿ ಬೇಡ, ಮೂಗಿನ ಕೆಳಗೆ ಒಂದು ಗೆರೆಯಷ್ಟು ತೆಗೆದರೆ ಸಾಮಾನ್ಯವಾಗಿ ಸಾಕು! ನೀರಿನಲ್ಲಿ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಅಲ್ಪ ಸಮೀಪದೃಷ್ಟಿಯವರು ಹಾಗೆಯೇ ನಿಭಾಯಿಸಬಹುದು. ಉಳಿದವರಿಗೆ ಪವರ್ ಗಾಜು ಕೂರಿಸಿದ ಮಾಸ್ಕ್ ಸಿಗುತ್ತದೆ.

ನಂತರದ್ದು ಕಾಲಿನ ಫಿನ್. ತೀರಾ ಗಡುಸಾದದ್ದನ್ನು ತಂದರೆ ಹೊಸಬರ ಮೀನಖಂಡ ಹಿಡಿದುಕೊಳ್ಳುತ್ತದೆ. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ 3 ಮಿ.ಮೀ. ದಪ್ಪದ ವೆಟ್‌ಸೂಟ್ ಸಾಕು. ಆದರೆ ಕತ್ತು, ಎದೆ ಬಿಗಿಯುವಂತಿರಬಾರದು.

ರೆಗ್ಯುಲೇಟರ್, ಜಾಕೆಟ್, ಸಿಲಿಂಡರುಗಳಿಗೆ ಸದ್ಯಕ್ಕೆ ಬಾಡಿಗೆಯೇ ಮೇಲು. ಅವುಗಳಿಗೆ ತಜ್ಞರ ತಪಾಸಣೆ ಕಾಲಕಾಲಕ್ಕೆ ಆಗಬೇಕು, ಖರ್ಚೂ ಹೆಚ್ಚು. ಬಾಯಿಗಿಡುವ ರಬ್ಬರು ತುಂಡನ್ನು ಮಾತ್ರ ಸ್ವಂತಕ್ಕೆ ಕೊಳ್ಳಿ. ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ಸಾಮಾನ್ಯವಾಗಿ ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿದ್ದು. ಇಳಿಯುವ ಮುನ್ನ ನಾಲ್ಕಾರು ಸಲ ಉಸಿರೆಳೆದು ನೋಡಿ. ಎಣ್ಣೆ ಅಥವಾ ಹೊಗೆಯ ವಾಸನೆ ಬಂದರೆ ಬದಲಿಸಲು ಹೇಳಿ. ಉಸಿರೆಳೆದಾಗಲೆಲ್ಲ ಒತ್ತಡಮಾಪಕದ ಮುಳ್ಳು ಕುಣಿದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿರಲಿಕ್ಕಿಲ್ಲ. ನೀರೊಳಗೆ ಎಂದೂ ಉಸಿರು ಕಟ್ಟಬೇಡಿ. ಮೇಲೇರುವಾಗ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು.

ಕಿವಿಗೆ ಬಿರಡೆ ಕೊಳ್ಳಲೇಬೇಡಿ. ಒತ್ತಡಕ್ಕೆ ಅದು ಒಳಕ್ಕೆ ಸಿಕ್ಕಿಕೊಂಡು ತಮಟೆಗೆ ಪೆಟ್ಟಾದೀತು. ಆಸ್ತಮಾ, ಹೃದ್ರೋಗ, ಕಿವಿ ಸೋರುವಿಕೆ ಇದ್ದವರು ಅಂಗಡಿಗಿಂತ ಮೊದಲು ವೈದ್ಯರಲ್ಲಿಗೆ ಹೋಗಿ. ಗರ್ಭಿಣಿಯರು ಇಳಿಯಬಾರದು. ನೆಗಡಿಯಿದ್ದ ದಿನ, ದೋಣಿಗೆ ಹಣ ಕಟ್ಟಾಗಿದೆಯೆಂದು ಮೂಗಿಗೆ ಹನಿ ಹಾಕಿಕೊಂಡು ಇಳಿಯುವವರಿದ್ದಾರೆ. ಔಷಧದ ಪ್ರಭಾವ ಆಳದಲ್ಲಿದ್ದಾಗಲೇ ಮುಗಿದರೆ ಕಿವಿಯೊಳಗಿನ ಗಾಳಿಗೆ ಹೊರದಾರಿ ಇರುವುದಿಲ್ಲ, ಮೇಲೆ ಬರದೆ ನಿಮಗೂ ಗತಿಯಿರುವುದಿಲ್ಲ.