ರೂಪಾಯಿಗೆ ಆರು ಪೈಸೆ: ಗ್ರಂಥಾಲಯದಲ್ಲಿ ನಮ್ಮ ಪಾಲು

ಗ್ರಂಥಾಲಯವೆಂದರೆ ಪುಸ್ತಕ ಜೋಡಿಸಿಟ್ಟ ಕಪಾಟುಗಳ ಸಾಲು. ಅಲ್ಲಿಗೆ ಹೋಗುವವರು ಕಾದಂಬರಿ ಪ್ರಿಯರು, ಇಲ್ಲವೇ ಪೇಪರ್ ತಿರುವಿಹಾಕುತ್ತ ಹೊತ್ತು ಕಳೆಯುವ ನಿವೃತ್ತರು. ಓದುವ ಹವ್ಯಾಸವಿಲ್ಲದವರಿಗೆ ಅಲ್ಲೇನೂ ಕೆಲಸವಿಲ್ಲ. ನಮ್ಮಲ್ಲಿ ಬಹಳ ದಿನಗಳಿಂದ ಬೇರೂರಿರುವ ಕಲ್ಪನೆ ಇದು. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ: ಬೇಕಾದ್ದೆಲ್ಲ ಮೊಬೈಲಿನಲ್ಲೇ ಸಿಗುವಾಗ ಆ ಕಪಾಟುಗಳಾದರೂ ಯಾಕೆ ಬೇಕು? ಎರಡೂ ತಪ್ಪು, ಮತ್ತು ಎರಡರಿಂದಲೂ ಆಗುತ್ತಿರುವ ನಷ್ಟ ಸಣ್ಣದಲ್ಲ. ಒಳಗೆ ಏನೇನು ಸಿಗಬೇಕು ಎಂಬುದೇ ತಿಳಿಯದವರು ಏನನ್ನೂ ಕೇಳುವುದಿಲ್ಲ. ಯಾರೂ ಕೇಳದ ಸೌಲಭ್ಯವನ್ನು ಯಾವ ಇಲಾಖೆಯೂ ತಾನಾಗಿ ಉಳಿಸಿಕೊಂಡು ಬರುವುದಿಲ್ಲ.

ಮೊದಲು ದುಡ್ಡಿನ ವಿಚಾರ, ಯಾಕೆಂದರೆ ಗ್ರಂಥಾಲಯ ಪುಕ್ಕಟೆ ಎನ್ನುವುದೇ ಮೊದಲನೆಯ ತಪ್ಪು ತಿಳಿವಳಿಕೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಗ್ರಂಥಾಲಯಗಳಿಗೆಂದೇ ಒಂದು ಕರ ವಸೂಲಿ ಮಾಡುವ ಏರ್ಪಾಡು ಅದರಲ್ಲೇ ಇದೆ. ಬೆಂಗಳೂರಿನ ಆಸ್ತಿ ತೆರಿಗೆಯ ಮೇಲೆ ಹಾಕುವ ಸೆಸ್‌ನಲ್ಲಿ ಆರೋಗ್ಯಕ್ಕೆ ಶೇ 15, ಭಿಕ್ಷುಕರ ಪುನರ್ವಸತಿಗೆ ಶೇ 3 ಇರುವ ಹಾಗೆ ಗ್ರಂಥಾಲಯಕ್ಕೂ ಶೇ 6 ಇದೆ. ಅಂದರೆ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. ಹತ್ತು ಸಾವಿರ ರೂಪಾಯಿ ತೆರಿಗೆ ಬರುವ ಮನೆಯವರು ವರ್ಷಕ್ಕೆ 600 ರೂಪಾಯಿಯನ್ನು ಗ್ರಂಥಾಲಯಕ್ಕೆ ಕಟ್ಟಿರುತ್ತಾರೆ. ಒಂದು ದಿನವೂ ಅದರ ಮೆಟ್ಟಿಲು ಹತ್ತದವರು ಕಟ್ಟುವುದೂ ಅಷ್ಟೇ. ಬಾಡಿಗೆದಾರರು ಬಾಡಿಗೆಯ ಜೊತೆಗೆ ತಮ್ಮ ಪಾಲು ಕೊಟ್ಟಿರುತ್ತಾರೆ. ಇಷ್ಟು ಕೊಟ್ಟಮೇಲೆ ಅಲ್ಲಿ ನಮಗೇನಿದೆ ಎಂದು ವಿಚಾರಿಸುವುದು ದಾಕ್ಷಿಣ್ಯಪಡಬೇಕಾದ ಸಂಗತಿಯೇ ಅಲ್ಲ.

ಮುದ್ರಿತ ಪುಸ್ತಕವೊಂದೇ ಗ್ರಂಥಾಲಯದ ಸರಕು ಎನ್ನುವುದು ಇತಿಹಾಸಕ್ಕೂ ಒಪ್ಪುವ ಮಾತಲ್ಲ. ಬ್ರಿಟಿಷರ ಕಾಲದ 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಕೂಡ ‘ಪುಸ್ತಕ’ ಎಂಬ ಪದದೊಳಗೆ ಕಿರುಹೊತ್ತಗೆ, ಭೂಪಟ, ನಕ್ಷೆ, ಸಂಗೀತದ ಸ್ವರಲಿಪಿಯ ಬಿಡಿ ಹಾಳೆ ಎಲ್ಲವನ್ನೂ ಸೇರಿಸಿತ್ತು. ಮೈಸೂರಿನಲ್ಲಿ 1891ರಲ್ಲಿ ಸರ್ಕಾರ ತೆರೆದ ಓರಿಯಂಟಲ್ ಲೈಬ್ರರಿಯಂತೂ ಹುಟ್ಟಿದ್ದೇ ಓಲೆಗರಿ, ಹಸ್ತಪ್ರತಿಗಳಿಗಾಗಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಂದು ಓಲೆಕಟ್ಟು ತಂದುಕೊಟ್ಟರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ ಆ ಗರಿಗಳನ್ನು ಓದಿ ನೋಡಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ತಿಳಿಯಿತು. ಬಹುಕಾಲ ಹೆಸರಷ್ಟೇ ಉಳಿದಿದ್ದ ಕೃತಿ ಅದು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ ಅದು ಗ್ರಂಥಾಲಯದಲ್ಲಿದ್ದದ್ದು ಪುಸ್ತಕವಾಗಿ ಅಲ್ಲ, ದಾರ ಪೋಣಿಸಿದ ತಾಳೆಗರಿಯ ಕಟ್ಟಾಗಿ. ಅದನ್ನು ಜೋಪಾನ ಮಾಡಲು ಒಂದು ಜಾಗವೂ ಓದಬಲ್ಲ ಒಬ್ಬ ಮನುಷ್ಯನೂ ಇದ್ದದ್ದರಿಂದ ಅದು ನಮಗೆ ದಕ್ಕಿತು. ಜಾಗ ಮತ್ತು ಮನುಷ್ಯ, ಇವೆರಡೂ ಗ್ರಂಥಾಲಯದ ಆಸ್ತಿಯೇ. ನಾವು ಲೆಕ್ಕಕ್ಕೆ ಹಿಡಿಯದಿರುವುದು ಅವನ್ನೇ.

ಜಾಗದ ಬೆಲೆ ಗೊತ್ತಾಗಬೇಕಾದರೆ ಯಾವುದಾದರೂ ತಾಲ್ಲೂಕು ಕೇಂದ್ರದ ಗ್ರಂಥಾಲಯವನ್ನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿನಲ್ಲಿ ನೋಡಬೇಕು. ಪತ್ರಿಕೆಗಳ ಮುಂದೆ ಹಿರಿಯರಿರುತ್ತಾರೆ, ನಿಜ. ಆದರೆ ಒಳಗಿನ ಉದ್ದ ಮೇಜುಗಳನ್ನು ತುಂಬಿರುವವರು ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಶಿಕ್ಷಕರ ನೇಮಕಾತಿಗೆ ಓದುವ ಹುಡುಗ ಹುಡುಗಿಯರು. ಅವರಲ್ಲಿ ಹೆಚ್ಚಿನವರ ಮುಂದಿರುವುದು ಗ್ರಂಥಾಲಯದ ಪುಸ್ತಕವಲ್ಲ, ಮನೆಯಿಂದ ತಂದ ತಮ್ಮದೇ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಯ ಜೆರಾಕ್ಸು. ಒಂದೇ ಕೋಣೆಯ ಮನೆಯಲ್ಲಿ, ಟಿವಿಯ ಸದ್ದಿನ ನಡುವೆ ಸಿಗದ ಮೇಜು, ಫ್ಯಾನು, ಬೆಳಕು, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕು ತಾಸಿನ ನಿಶ್ಶಬ್ದ, ಇವಕ್ಕಾಗಿ ಅವರು ಬರುತ್ತಾರೆ. ಖಾಸಗಿ ಓದುಕೋಣೆಗಳಲ್ಲಿ ಇದಕ್ಕೇ ತಿಂಗಳಿಗಿಷ್ಟು ಎಂದು ಶುಲ್ಕವಿದೆ. ಇಲ್ಲಿ ಕುಳಿತು ಓದುವುದಕ್ಕೆ ಸದಸ್ಯತ್ವವೂ ಬೇಕಿಲ್ಲ. ಠೇವಣಿ ಕೇಳುವುದು ಪುಸ್ತಕವನ್ನು ಮನೆಗೆ ಒಯ್ಯುವವರಿಂದ ಮಾತ್ರ. ‘ನಾನು ಮೆಂಬರ್ ಅಲ್ಲ’ ಎಂದು ಹೊರಗೇ ನಿಲ್ಲುವವರು ಇದನ್ನು ತಿಳಿಯಬೇಕು.

ಮೊಬೈಲಿನಲ್ಲೇ ಎಲ್ಲ ಇದೆ ಎನ್ನುವ ಮಾತಿಗೆ ಬರೋಣ. ಮೊಬೈಲಿನಲ್ಲಿ ಸಿಗುವುದು ಯಾರಾದರೂ ಅದರೊಳಗೆ ಇಟ್ಟಿರುವುದು ಮಾತ್ರ. ಐವತ್ತು ವರ್ಷದ ಹಿಂದಿನ ಕನ್ನಡ ನಿಯತಕಾಲಿಕ, ಜಿಲ್ಲಾ ಗೆಜೆಟಿಯರ್, ಜನಗಣತಿಯ ಕೈಪಿಡಿ ಇಂಥವನ್ನು ಹುಡುಕಹೊರಟವರಿಗೆ ಅಲ್ಲಿ ಎಷ್ಟು ಬರಿದು ಎಂದು ಗೊತ್ತಿರುತ್ತದೆ. ಇನ್ನು ಮೊಬೈಲಿನಲ್ಲೇ ಓದುತ್ತೇನೆ ಎನ್ನುವವರಿಗೂ ಗ್ರಂಥಾಲಯ ಇಲಾಖೆ ಬಾಗಿಲು ತೆರೆದಿದೆ. 2020ರ ಫೆಬ್ರುವರಿಯಲ್ಲಿ, ಲಾಕ್‌ಡೌನ್‌ಗೆ ಸರಿಸುಮಾರು ಒಂದು ತಿಂಗಳ ಮುಂಚೆ, ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಹೆಸರು ನೋಂದಾಯಿಸಿಕೊಂಡರೆ ಸಾಕು. ಇ-ಪುಸ್ತಕ, ಪಾಠದ ವಿಡಿಯೊಗಳು ಶುಲ್ಕವಿಲ್ಲದೆ ಸಿಗುತ್ತವೆ. ಹಾಗಾಗಿ ಮೊಬೈಲ್ ಬಂದಮೇಲೆ ಗ್ರಂಥಾಲಯ ಬೇಡ ಎನ್ನುವವರು ಗ್ರಂಥಾಲಯವೇ ಮೊಬೈಲಿಗೆ ಬಂದಿರುವುದನ್ನು ಗಮನಿಸಿಲ್ಲ. ಮೂರು ಮಕ್ಕಳಿಗೆ ಒಂದೇ ಫೋನಿರುವ, ಆ ಫೋನನ್ನೂ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಒಯ್ಯುವ ಮನೆಗಳ ಪಾಡು ಬೇರೆ. ಅವರಿಗೆ ಊರಿನ ಗ್ರಂಥಾಲಯದ ಕಂಪ್ಯೂಟರೇ ಗತಿ.

ಹಳ್ಳಿಗಳಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮರುವರ್ಷ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಶಾಲೆಗಳು ಮುಚ್ಚಿದ್ದ ಹೊತ್ತು ಅದು. ಆಮೇಲೆ ಬಹಳಷ್ಟು ಕಡೆ ಟಿವಿ, ಕಂಪ್ಯೂಟರ್, ಚೆಸ್ ಹಲಗೆ ಬಂದವು. ಕಥೆ ಹೇಳುವ, ಚಿತ್ರ ಬರೆಯುವ ಚಟುವಟಿಕೆ ಶುರುವಾದವು. ಈಗ ಅವುಗಳ ಹೆಸರೇ ‘ಅರಿವು ಕೇಂದ್ರ’.

ಇನ್ನು, ಗ್ರಂಥಾಲಯ ಕಣ್ಣಿದ್ದವರಿಗೆ ಮಾತ್ರ ಎಂಬ ಭಾವನೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ಹಾಗೆಂದೇ ನಡೆದುಕೊಳ್ಳುತ್ತೇವೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಬ್ರೈಲ್ ಪುಸ್ತಕಗಳಿವೆ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಅಂಗವಿಕಲರಿಗಾಗಿ ಪುಸ್ತಕವನ್ನು ಧ್ವನಿಗೆ, ಬ್ರೈಲ್‌ಗೆ ಬದಲಿಸಿಕೊಡಲು ಅವಕಾಶ ಕೊಟ್ಟಿದೆ. ಇದೇ ವಿಚಾರದ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಭಂಡಾರವೂ ಆರಂಭವಾಯಿತು. ಕಾನೂನು ಇದೆ, ಭಂಡಾರವೂ ಇದೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ ಹಾಕಿದ ಒಂದು ಕಂಪ್ಯೂಟರ್, ಒಂದು ಜೊತೆ ಹೆಡ್‌ಫೋನ್ ಇದ್ದರೆ ಯಾವ ಊರಿನ ಗ್ರಂಥಾಲಯವೂ ಅಂಧ ವಿದ್ಯಾರ್ಥಿಯೊಬ್ಬನಿಗೆ ಇವನ್ನೆಲ್ಲ ತಲುಪಿಸಬಹುದು.

ಮನುಷ್ಯನ ಮಾತು ಹೇಳಿದೆ. ಗ್ರಂಥಪಾಲರ ಕೆಲಸ ಮೊಹರು ಒತ್ತಿ ವಾಪಸಿನ ತಾರೀಕು ಬರೆಯುವುದು ಎಂದು ನಾವು ತಿಳಿದಿದ್ದೇವೆ. ಬಂದವರ ಪ್ರಶ್ನೆ ಕೇಳಿಕೊಂಡು ಉತ್ತರ ಎಲ್ಲಿದೆಯೆಂದು ತೋರಿಸಿಕೊಡುವುದು ಆ ವೃತ್ತಿಯ ಜೀವಾಳ. ಓದುಗರ ಸಮಯ ಉಳಿಸುವುದನ್ನು ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ತಮ್ಮ ಐದು ಸೂತ್ರಗಳಲ್ಲೊಂದಾಗಿ ಸೇರಿಸಿದ್ದರು. ಅವರು 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರ ಕಟ್ಟಿದ್ದು, ಕೊನೆಯ ದಿನಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಸರ್ಕಾರಿ ಅರ್ಜಿ ಎಲ್ಲಿ ಸಿಗುತ್ತದೆ, ಈ ವಿದ್ಯಾರ್ಥಿವೇತನಕ್ಕೆ ಕೊನೆಯ ದಿನ ಯಾವುದು ಎಂಬಂಥ ಪ್ರಶ್ನೆಗಳನ್ನು ಗ್ರಂಥಪಾಲರಲ್ಲಿ ಕೇಳಬಹುದೆಂದೇ ನಮಗೆ ಹೊಳೆಯುವುದಿಲ್ಲ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಲೇಬೇಕು. ಒಂದು: ಪುಸ್ತಕ ಕೊಳ್ಳುವುದಕ್ಕೇ ಹಣವಿಲ್ಲದಾಗ ಟಿವಿ, ಕಂಪ್ಯೂಟರ್ ಯಾಕೆ? ಕನ್ನಡ ಪ್ರಕಾಶಕರ ಈ ಆತಂಕ ಪೊಳ್ಳಲ್ಲ. ಗ್ರಂಥಾಲಯಗಳ ಸಗಟು ಖರೀದಿಯನ್ನು ನಂಬಿಕೊಂಡೇ ಎಷ್ಟೋ ಕನ್ನಡ ಪುಸ್ತಕಗಳು ಅಚ್ಚಾಗುತ್ತವೆ. ಖರೀದಿ ತಡವಾದರೆ ಮೊದಲು ಏಟು ಬೀಳುವುದು ಸಣ್ಣ ಪ್ರಕಾಶಕರಿಗೆ. ಆದರೆ ಇದು ಪುಸ್ತಕಕ್ಕೂ ಕಂಪ್ಯೂಟರಿಗೂ ನಡುವಿನ ಜಗಳವಲ್ಲ. ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ವರ್ಷಗಳಿಂದ ಇದೆ. ಜಗಳವಾಡಬೇಕಾದದ್ದು ಆ ಬಾಕಿಗಾಗಿ. ಎರಡನೆಯದು: ನಮ್ಮೂರಲ್ಲಿ ಬಾಗಿಲೇ ತೆರೆಯುವುದಿಲ್ಲ, ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆದೇ ಇಲ್ಲ. ಇದೂ ಹಲವೆಡೆ ನಿಜ. ಒಂದು ಊರಿನ ಅರಿವು ಕೇಂದ್ರ ಕಳೆಗಟ್ಟಿದ್ದರೆ ಪಕ್ಕದೂರಿನದು ಬಿಕೋ ಎನ್ನುತ್ತಿರುತ್ತದೆ. ಆದರೆ ಪಡಿತರ ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ನಾವು ಸುಮ್ಮನಿರುವುದಿಲ್ಲ, ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿದ್ದರೆ ಗಲಾಟೆ ಮಾಡುತ್ತೇವೆ. ಗ್ರಂಥಾಲಯದ ವಿಷಯದಲ್ಲಿ ಮಾತ್ರ ‘ಹೇಗೂ ಯಾರೂ ಹೋಗುವುದಿಲ್ಲ’ ಎಂದು ಬಿಟ್ಟುಬಿಡುತ್ತೇವೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ವಾರ ನಿಮ್ಮ ಶಾಖಾ ಗ್ರಂಥಾಲಯಕ್ಕೋ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಹೋಗಿ. ಪುಸ್ತಕ ಬೇಡದಿದ್ದರೂ ಹೋಗಿ. ಕಂಪ್ಯೂಟರ್ ಇದೆಯೇ, ಮಕ್ಕಳಿಗೆ ಚಟುವಟಿಕೆ ಯಾವ ದಿನ, ಕಣ್ಣು ಕಾಣದವರಿಗೆ ಏನು ಅನುಕೂಲ ಎಂದು ಗ್ರಂಥಪಾಲರನ್ನೋ ಮೇಲ್ವಿಚಾರಕರನ್ನೋ ವಿಚಾರಿಸಿ. ಇಲ್ಲ ಎಂಬ ಉತ್ತರ ಬಂದರೆ ಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೊಟ್ಟು ಬನ್ನಿ.