ಎರಡನೇ ಗೆರೆ ಬಿದ್ದ ಮೇಲೆ

ಅಮೆರಿಕದ ಎಷ್ಟೋ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೈ ಮುರಿದುಕೊಂಡು ಬಂದವರನ್ನೂ ಕೇಳುತ್ತಾರೆ: ಹಾಗೇ ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಮಾಡಿಬಿಡೋಣವೇ? ಮುರಿದ ಕೈಗೂ ಲಿವರ್‌ಗೂ ಏನು ಸಂಬಂಧ ಅನ್ನಿಸಬಹುದು. ಆದರೆ ಈ ವೈರಸ್ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಲಿವರ್ ಕೆಡಿಸುತ್ತದೆ. ಮನೆಯಿಲ್ಲದವರು, ವಿಮೆಯಿಲ್ಲದವರು, ಸೂಜಿಯಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರು ಬೇರೆ ಡಾಕ್ಟರ ಮುಖ ನೋಡುವುದೇ ಅಪರೂಪ. ಬಂದರೆ ಈ ಬಾಗಿಲಿಗೇ ಬರುತ್ತಾರೆ.

ಇಂಥ ಕಡೆಗೆಂದೇ ಹೇಳಿ ಮಾಡಿಸಿದಂತಿದೆ ಓರಾಕ್ವಿಕ್ ಎಂಬ ಕಡ್ಡಿ. ಬೆರಳ ತುದಿಯ ರಕ್ತಕ್ಕೆ ಅದನ್ನು ಬಳಸಲು ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ತೊಟ್ಟು ರಕ್ತವನ್ನು ಪುಟ್ಟ ಸೀಸೆಯ ದ್ರಾವಣದಲ್ಲಿ ಕಲಕಿ ಕಡ್ಡಿಯ ತುದಿ ಅದ್ದಿ ನಿಲ್ಲಿಸುತ್ತಾರೆ. ದ್ರವ ಮೆಲ್ಲಗೆ ಮೇಲೇರುತ್ತದೆ. ದಾರಿಯಲ್ಲಿ ಅತಿಸೂಕ್ಷ್ಮ ಚಿನ್ನದ ಕಣಗಳಿವೆ; ಆ ಗಾತ್ರದಲ್ಲಿ ಚಿನ್ನ ಹಳದಿಯಲ್ಲ, ಕೆಂಪು. ರಕ್ತದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿಗಳು, ಅವನ್ನು ಹೊತ್ತು ಸಾಗುತ್ತವೆ. ‘ಟಿ’ ಎಂಬಲ್ಲಿ ವೈರಸ್ಸಿನ ಪ್ರೋಟೀನ್ ತುಣುಕುಗಳನ್ನು ಅಂಟಿಸಿರುತ್ತಾರೆ. ಅವಕ್ಕೆ ಹೊಂದುವ ಪ್ರತಿಕಾಯವಿದ್ದರೆ ಅಲ್ಲೇ ಕಚ್ಚಿ ನಿಂತು, ಕೆಂಪು ಗೆರೆ ಮೂಡುತ್ತದೆ. ಇದೇ ಎರಡನೇ ಗೆರೆ. ಮೊದಲನೆಯದು ‘ಸಿ’ ಎಂಬಲ್ಲಿ ಬೀಳುವ ಗೆರೆ; ಪರೀಕ್ಷೆ ಸರಿಯಾಗಿ ನಡೆದಿದ್ದರೆ ಅದು ಎಲ್ಲರಿಗೂ ಬೀಳಬೇಕು. ಬೀಳದಿದ್ದರೆ ಕಡ್ಡಿಯೇ ಕೆಟ್ಟಿದೆ, ಎಸೆಯಬೇಕು. 20ರಿಂದ 40 ನಿಮಿಷದೊಳಗೆ ಓದಬೇಕು, ಆಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ.

ತೊಡಕು ಶುರುವಾಗುವುದು ಎರಡನೇ ಗೆರೆ ಬಿದ್ದ ಮೇಲೆ. ಪ್ರತಿಕಾಯ ಅಂದರೆ ಕಳ್ಳನ ಹೆಜ್ಜೆಗುರುತು. ಕಳ್ಳ ಒಳಗಿದ್ದಾನೋ, ಓಡಿಹೋಗಿದ್ದಾನೋ ಅದು ಹೇಳದು. ಸೋಂಕು ತಾನಾಗಿ ವಾಸಿಯಾದವರಲ್ಲೂ, ಮಾತ್ರೆ ನುಂಗಿ ಗುಣವಾದವರಲ್ಲೂ ಅದು ಉಳಿದಿರುತ್ತದೆ. ಹೊಸದಾಗಿ ಸೋಂಕು ತಗುಲಿದವರಲ್ಲಿ ಸುಮಾರು ಎರಡು ತಿಂಗಳು ಕಾಣಿಸದೆಯೂ ಇರಬಹುದು. ವೈರಸ್ ಈಗಲೂ ಇದೆಯೇ ಎಂದು ತಿಳಿಯಲು ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ಅದರ ವರದಿ ಲ್ಯಾಬಿನಿಂದ ಬರುವಷ್ಟರಲ್ಲಿ ರೋಗಿ ಊರು ಬಿಟ್ಟಿರುತ್ತಾನೆ, ಫೋನ್ ಸ್ವಿಚ್ ಆಫ್. ಅದಕ್ಕೇ 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಎರಡೂ ಪರೀಕ್ಷೆಗೆ ಬೇಕಾದ ರಕ್ತವನ್ನು ಒಂದೇ ಭೇಟಿಯಲ್ಲಿ ತೆಗೆದುಕೊಳ್ಳಿ ಎಂದಿತು. 2024ರ ಜೂನ್‌ನಲ್ಲಿ, ಬೆರಳ ರಕ್ತದಿಂದ ಸುಮಾರು ಒಂದು ಗಂಟೆಯಲ್ಲಿ ಆರ್‌ಎನ್‌ಎ ಪತ್ತೆಮಾಡುವ ಎಕ್ಸ್‌ಪರ್ಟ್ ಪರೀಕ್ಷೆಗೂ ಒಪ್ಪಿಗೆ ಸಿಕ್ಕಿತು. ನನ್ನ ಕೇಳಿದರೆ, ಕಡ್ಡಿಗಿಂತ ದೊಡ್ಡ ಹೆಜ್ಜೆ ಇದು. ಎಷ್ಟು ಜನರಿಗೆ ಗೆರೆ ಬಿತ್ತು ಎಂಬ ಲೆಕ್ಕ ಯಾರಿಗೆ ಬೇಕು? ಎಷ್ಟು ಜನ ಮಾತ್ರೆ ಮುಗಿಸಿದರು ಅನ್ನುವುದೇ ಮುಖ್ಯ. 8ರಿಂದ 12 ವಾರ ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ.

ಭಾರತದಲ್ಲಿ 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಸಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಮೂವತ್ತು ವರ್ಷದ ಹಿಂದೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಎರಡನೇ ಗೆರೆ ಬಿದ್ದರೆ ಆರ್‌ಎನ್‌ಎ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.